ಕ್ಷಮೆಯ ಮೊದಲ ಹೆಜ್ಜೆ ಯಾರದು?

ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದ ಊರುಗಳಲ್ಲಿ ಬನ್ನಿ ಕೊಡುವ ಸಂಪ್ರದಾಯವುಂಟು. ಶಮೀವೃಕ್ಷದ ಪೂಜೆ ಮುಗಿದ ಬಳಿಕ ಅದರ ಎಲೆಗಳನ್ನು ಬಂಗಾರವೆಂದು ಭಾವಿಸಿ, ಜನರು ಮನೆಮನೆಗೆ ಹೋಗಿ ಕೊಟ್ಟು ಕೊಳ್ಳುವರು. ಕಿರಿಯರು ಹಿರಿಯರ ಪಾದಕ್ಕೆರಗಿ ಆಶೀರ್ವಾದ ಪಡೆಯುವರು. ಬಂಗಾರದಂತೆ ಬಾಳೋಣವೆಂದು ಪರಸ್ಪರ ಹಾರೈಸುವರು. ವರ್ಷವಿಡೀ ಮಾತು ಬಿಟ್ಟವರು ಸಹ ಆ ದಿನ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುವುದುಂಟು. ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಾರದವನ ಪರವಾಗಿ ಒಂದು ಹಿಡಿ ಎಲೆಯೇ ಆ ಮಾತನ್ನು ಆಡುವುದು. ಮುನಿಸು ಮರೆಯುವುದಕ್ಕೆ ಹಿರಿಯರು ಹಾಕಿಕೊಟ್ಟ ಸುಲಭವಾದ ದಾರಿ ಇದು.

ಇಂತಹ ಊರೊಂದರಲ್ಲಿ ಇಬ್ಬರು ಅಣ್ಣತಮ್ಮಂದಿರಿರುವರೆಂದು ಭಾವಿಸಬಹುದು. ಹೊಲ ಹಂಚಿಕೆಯಾದ ಮೇಲೆ ಅಣ್ಣನು ಬದುವಿನ ಕಲ್ಲನ್ನು ತಮ್ಮನ ಹೊಲದೊಳಕ್ಕೆ ನಾಲ್ಕು ಮೊಳ ಸರಿಸಿದನು. ಮಾತಿಗೆ ಮಾತು ಬೆಳೆದು ಇಬ್ಬರೂ ದೂರವಾದರು. ಆದರೂ ಪ್ರತಿ ವಿಜಯದಶಮಿಯಂದು ತಮ್ಮನು ಬನ್ನಿ ತೆಗೆದುಕೊಂಡು ಅಣ್ಣನ ಮನೆಗೆ ಹೋಗುವನು, ಕಾಲಿಗೆರಗುವನು, ಅಣ್ಣನು ತಲೆಯ ಮೇಲೆ ಕೈಯಿಟ್ಟು ಹರಸುವನು, ಹೋಳಿಗೆಯೂಟವಾಗುವುದು. ಊರವರು, ಅಣ್ಣತಮ್ಮಂದಿರು ಒಂದಾದರೆಂದು ಸಂತೋಷಪಡುವರು. ಬದುವಿನ ಕಲ್ಲು ಮಾತ್ರ ಸರಿಸಿದಲ್ಲಿಯೇ ಇರುವುದು. ಇಲ್ಲಿ ಕ್ಷಮೆಯಾಯಿತೆ? ಆಗಿದ್ದರೆ, ಯಾರು ಯಾರನ್ನು ಕ್ಷಮಿಸಿದರು?

ಕ್ಷಮಿಸುವ ಶಕ್ತಿ ಮನುಷ್ಯಮಾತ್ರಕ್ಕೆಲ್ಲ ಸಮಾನವಾಗಿ ಇರಬಹುದು. ಕ್ಷಮಿಸುವ ರೀತಿ ಮಾತ್ರ ಒಂದೊಂದು ಜನಾಂಗದಲ್ಲಿ ಒಂದೊಂದು ಬಗೆಯಾಗಿದೆ. ಯಾರು ಮೊದಲು ಮಾತನಾಡಬೇಕು, ಯಾವ ದಿನ ಕೇಳಬೇಕು, ಯಾರ ಎದುರಿಗೆ ಕೇಳಬೇಕು, ಏನು ಕೊಟ್ಟರೆ ತಪ್ಪು ತೀರುವುದು ಎಂಬುದನ್ನೆಲ್ಲ ಆಯಾ ಸಮಾಜದ ಸಂಸ್ಕೃತಿಯೇ ಗೊತ್ತುಮಾಡಿರುತ್ತದೆ. ನೀರು ಒಂದೇ ಆದರೂ ಪಾತ್ರೆಗೆ ತಕ್ಕ ಆಕಾರವನ್ನು ತಾಳುವಂತೆ, ಕ್ಷಮೆಯೂ ಸಂಸ್ಕೃತಿಯೆಂಬ ಪಾತ್ರೆಗೆ ತಕ್ಕ ಆಕಾರವನ್ನು ತಾಳುವುದು. ಪಾತ್ರೆ ಅವಶ್ಯವೇ ಸರಿ. ಆದರೆ ಕೆಲವೊಮ್ಮೆ ಪಾತ್ರೆ ಮಾತ್ರ ಕೈಯಲ್ಲಿ ಉಳಿದು ನೀರು ಸೋರಿಹೋಗಿರುವುದುಂಟು. ಶರಣರು ಈ ವಿಷಯದಲ್ಲಿ ಏನನ್ನು ತೋರಿಸಿಕೊಟ್ಟರೆಂಬುದನ್ನು ಗೃಹಸ್ಥರಾದ ಸದ್ಭಕ್ತರು ವಿಚಾರಿಸುವುದು ಯೋಗ್ಯವಾಗಿದೆ.

ಮೂರು ಮಾತು, ಮೂರು ಭಾವ

ಮೊದಲು ಶಬ್ದಾರ್ಥವನ್ನು ನೋಡತಕ್ಕದ್ದು. ಒಂದು ಜನಾಂಗವು ಕ್ಷಮೆಯನ್ನು ಹೇಗೆ ಭಾವಿಸಿದೆಯೆಂಬುದು ಅದರ ನುಡಿಯಲ್ಲಿಯೇ ಅಡಗಿರುವುದು. ಕನ್ನಡಿಗರು ಈ ಅರ್ಥದಲ್ಲಿ ಮುಖ್ಯವಾಗಿ ಮೂರು ಮಾತುಗಳನ್ನು ಬಳಸುವರು.

ಮೊದಲನೆಯದು, ಕ್ಷಮಿಸು. ಸಂಸ್ಕೃತದ ಕ್ಷಮ್ ಧಾತುವಿಗೆ ಸಹಿಸುವುದು ಎಂದರ್ಥ. ಅಮರಕೋಶದ ನಾನಾರ್ಥವರ್ಗವು ಕ್ಷಮಾ ಎಂಬ ಪದಕ್ಕೆ ಭೂಮಿಯೆಂತಲೂ ತಾಳ್ಮೆಯೆಂತಲೂ ಎರಡು ಅರ್ಥಗಳನ್ನು ಕೊಡುತ್ತದೆ. ಅಗೆಯುವವನನ್ನೂ ಉಳುವವನನ್ನೂ ಭೂಮಿಯು ಸಮನಾಗಿ ಹೊರುವುದರಿಂದ ಈ ಅರ್ಥಸಂಬಂಧ ಸಹಜವಾಗಿಯೇ ಇದೆ. ಅದೇ ಧಾತುವಿನಿಂದ ಬಂದ ಕ್ಷಮ ಎಂಬ ವಿಶೇಷಣಕ್ಕೆ ಶಕ್ತನಾದವನು, ಸಮರ್ಥನಾದವನು ಎಂದರ್ಥ. ಕ್ಷಮತೆಯೆಂಬ ಮಾತು ಇಂದಿಗೂ ಸಾಮರ್ಥ್ಯವನ್ನೇ ಸೂಚಿಸುವುದು. ಆದುದರಿಂದ ಕ್ಷಮೆಯು ಶಕ್ತನ ಗುಣ. ಬೇರೆ ಗತಿಯಿಲ್ಲದೆ ಸುಮ್ಮನಿರುವವನ ಮೌನಕ್ಕೆ ಈ ಹೆಸರು ಸಲ್ಲದು.

ಎರಡನೆಯದು, ಮನ್ನಿಸು. ಈ ಮಾತಿಗೆ ತಪ್ಪನ್ನು ಕ್ಷಮಿಸು ಎಂಬ ಅರ್ಥವಿರುವಂತೆ ಗೌರವಿಸು ಎಂಬ ಅರ್ಥವೂ ಇದೆ, ಮನ್ನಣೆಯೆಂದರೆ ಗೌರವವೇ. ತಪ್ಪು ಮಾಡಿದವನನ್ನು ಮನ್ನಿಸುವುದೆಂದರೆ ಅವನು ಕಳೆದುಕೊಂಡ ಮಾನವನ್ನು ಅವನಿಗೆ ಮರಳಿ ಕೊಡುವುದು, ಪಂಕ್ತಿಯಲ್ಲಿ ಮತ್ತೆ ಅವನಿಗೆ ಮಣೆ ಹಾಕುವುದು.

ಮೂರನೆಯದು ಮನೆಮಾತು: ಹೊಟ್ಟೆಗೆ ಹಾಕಿಕೊಳ್ಳುವುದು. ತನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಕಿರಿಯನು ಹಿರಿಯರನ್ನು ಬೇಡುವನು. ಇದು ತಾಯಿಯ ಭಾವ. ಮಗುವಿನ ತಪ್ಪನ್ನು ತಾಯಿಯು ತನ್ನೊಳಗೇ ಇಟ್ಟುಕೊಂಡು ಹೊರಗೆ ಆಡದೆ ಇರುವಳು. ಇದರಲ್ಲಿ ಪ್ರೀತಿಯುಂಟು; ಅಪಾಯವೂ ಉಂಟು. ನುಂಗಿದ್ದೆಲ್ಲ ಅರಗುವುದೆಂದು ಹೇಳಲಾಗದು. ಅರಗದೆ ಉಳಿದದ್ದು ಹೊಟ್ಟೆಯೊಳಗೆ ವಿಷವಾಗುವುದು.

ಸಹಿಸುವುದು, ಮಾನವನ್ನು ಮರಳಿ ಕೊಡುವುದು, ಒಳಗಿಟ್ಟುಕೊಳ್ಳುವುದು ಎಂಬ ಈ ಮೂರೂ ಭಾವಗಳು ಲೋಕದ ಬೇರೆ ಬೇರೆ ಸಮಾಜಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುವುದನ್ನು ಕಾಣಬಹುದು.

ಲೋಕದ ನಾಲ್ಕು ನಿದರ್ಶನಗಳು

ಜೈನಧರ್ಮೀಯರಲ್ಲಿ ಕ್ಷಮೆಗೆ ಒಂದು ನಿಯತವಾದ ಕಾಲವುಂಟು. ದಿಗಂಬರ ಸಂಪ್ರದಾಯದವರು ಭಾದ್ರಪದ ಮಾಸದಲ್ಲಿ ದಶಲಕ್ಷಣ ಪರ್ವವನ್ನು ಆಚರಿಸುವರು. ಹತ್ತು ಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ. ಪರ್ವವು ಮುಗಿದ ಬಳಿಕ ಬರುವ ಕ್ಷಮಾವಾಣಿಯ ದಿನ ಪ್ರತಿಯೊಬ್ಬರೂ ಬಂಧುಗಳಲ್ಲಿಯೂ ನೆರೆಹೊರೆಯವರಲ್ಲಿಯೂ, ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಬೇಡುವರು. ಸಕಲ ಜೀವರಾಶಿಗಳಲ್ಲಿಯೂ ಕ್ಷಮೆಯನ್ನು ಯಾಚಿಸುವುದು ಈ ಆಚರಣೆಯ ವೈಶಿಷ್ಟ್ಯ. ಎಲ್ಲರೂ ಒಂದೇ ದಿನ ಬಾಗುವುದರಿಂದ ಒಬ್ಬನೇ ತಲೆತಗ್ಗಿಸಿದನೆಂಬ ಅವಮಾನ ಯಾರಿಗೂ ಇಲ್ಲ. ಇದು ಈ ಪದ್ಧತಿಯ ಹಿರಿಮೆ. ಆದರೆ ಎಲ್ಲ ತಪ್ಪುಗಳಿಗೂ ಸೇರಿಸಿ ಒಂದೇ ಮಾತಿನಲ್ಲಿ ಕ್ಷಮೆ ಕೇಳಿದಾಗ, ಹೆಸರಿಟ್ಟು ಹೇಳಬೇಕಾದ ಒಂದು ತಪ್ಪು ಆ ಗುಂಪಿನಲ್ಲಿ ಮರೆಯಾಗಬಾರದೆಂಬ ಎಚ್ಚರವೂ ಬೇಕಾಗುವುದು.

ಯಹೂದ್ಯರಲ್ಲಿ ಪ್ರಾಯಶ್ಚಿತ್ತದ ಮಹಾದಿನವೊಂದುಂಟು. ಅಂದು ಅವರು ದಿನವಿಡೀ ಉಪವಾಸವಿದ್ದು ಪ್ರಾರ್ಥಿಸುವರು. ಆದರೆ ಅವರ ಧರ್ಮಶಾಸ್ತ್ರವು ಇಲ್ಲಿ ಸ್ಪಷ್ಟವಾದ ಗೆರೆಯನ್ನೆಳೆದಿದೆ. ದೇವರಿಗೆ ಮಾಡಿದ ಅಪರಾಧವು ಆ ದಿನದ ಪ್ರಾಯಶ್ಚಿತ್ತದಿಂದ ತೀರಬಹುದು. ನೆರೆಯವನಿಗೆ ಮಾಡಿದ ಅಪರಾಧವು ಆ ನೆರೆಯವನನ್ನೇ ಸಮಾಧಾನಪಡಿಸುವ ತನಕ ತೀರದು. ಕಲ್ಯಾಣದಲ್ಲಿ ಶರಣರು ಅನುಭಾವ ಗೋಷ್ಠಿ ನಡೆಸಿದ 12ನೆಯ ಶತಮಾನದಲ್ಲಿಯೇ ಈಜಿಪ್ಟಿನಲ್ಲಿ ಬಾಳಿದ ಮೈಮೊನಿಡೀಸ್ ಎಂಬ ಪಂಡಿತನು ಈ ವಿಧಿಯನ್ನು ಕ್ರಮಪಡಿಸಿ ಬರೆದನು. ತಪ್ಪು ಮಾಡಿದವನು ಕಿತ್ತುಕೊಂಡದ್ದನ್ನು ಮೊದಲು ಹಿಂದಿರುಗಿಸಬೇಕು. ಬಳಿಕ ಕ್ಷಮೆ ಬೇಡಬೇಕು. ನೊಂದವನು ಒಪ್ಪದಿದ್ದರೆ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ ಬೇಡಬೇಕು. ಹೀಗೆ ಎರಡನೆಯ ಸಲವೂ ಮೂರನೆಯ ಸಲವೂ ಹೋಗಬೇಕು. ಅನಂತರವೂ ಒಪ್ಪದವನ ಮೇಲೆಯೇ ದೋಷವು ನಿಲ್ಲುವುದು. ಇಲ್ಲಿ ಮೊದಲ ಹೆಜ್ಜೆ ನಿಸ್ಸಂದೇಹವಾಗಿ ತಪ್ಪು ಮಾಡಿದವನದು.

ಇದಕ್ಕೆ ತದ್ವಿರುದ್ಧವಾದ ನಿದರ್ಶನವು ಅಮೆರಿಕದ ಅಮಿಷ್ ಪಂಗಡದಲ್ಲಿ ದೊರೆಯುವುದು. ಕುದುರೆ ಗಾಡಿಯಲ್ಲಿ ಸಂಚರಿಸುತ್ತ, ಸರಳವಾದ ಉಡುಪು ಧರಿಸಿ, ಬೇಸಾಯದಿಂದಲೂ ಕೈಕಸುಬಿನಿಂದಲೂ ಜೀವಿಸುವ ಕ್ರೈಸ್ತ ಪಂಗಡವಿದು. 2006ನೆಯ ಇಸವಿ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯ ಸಂಸ್ಥಾನದ ನಿಕಲ್ ಮೈನ್ಸ್ ಎಂಬ ಹಳ್ಳಿಯ ಏಕೋಪಾಧ್ಯಾಯ ಶಾಲೆಯೊಳಗೆ ಬಂದೂಕುಧಾರಿಯೊಬ್ಬನು ನುಗ್ಗಿ ಹತ್ತು ಹೆಣ್ಣುಮಕ್ಕಳ ಮೇಲೆ ಗುಂಡು ಹಾರಿಸಿದನು. ಐವರು ಮಡಿದರು. ಕೊಲೆಗಾರನೂ ಅಲ್ಲಿಯೇ ತನ್ನನ್ನು ತಾನು ಕೊಂದುಕೊಂಡನು. ಅಂದಿನ ಸಂಜೆಯೇ ಅಮಿಷ್ ಜನರು ಕೊಲೆಗಾರನ ಮನೆಯವರ ಬಳಿಗೆ ಹೋಗಿ, ಅವರ ಮೇಲೆ ದ್ವೇಷವಿಲ್ಲವೆಂದು ತಿಳಿಸಿ ಸಂತೈಸಿದರು. ಆತನ ಶವಸಂಸ್ಕಾರಕ್ಕೂ ಹೋಗಿ ನಿಂತರು. ತಮಗೆ ಬಂದ ಸಹಾಯಧನದಲ್ಲಿ ಒಂದು ಪಾಲನ್ನು ಆತನ ವಿಧವೆಗೂ ಮಕ್ಕಳಿಗೂ ಕೊಟ್ಟರು. ಹಗೆಯನ್ನು ಬಿಡುವುದು ತಮ್ಮ ಧರ್ಮವೆಂದು ಚಿಕ್ಕಂದಿನಿಂದ ಕಲಿತ ಜನರಿಗೆ ಕ್ಷಮಿಸಬೇಕೆ ಬೇಡವೆ ಎಂಬ ಪ್ರಶ್ನೆಯೇ ಏಳಲಿಲ್ಲ. ಆದರೆ ನಿರ್ಧಾರವು ಒಂದು ದಿನದಲ್ಲಾದರೂ ಎದೆಯ ನೋವು ಬಹುಕಾಲ ಉಳಿಯಿತೆಂಬುದನ್ನು ಅವರೇ ಒಪ್ಪಿಕೊಂಡಿರುವರು. ಇದೇ ಪಂಗಡದಲ್ಲಿ, ತಪ್ಪೊಪ್ಪಿಕೊಂಡ ಸದಸ್ಯನನ್ನು ಕ್ಷಮಿಸಿ ಮತ್ತೆ ಆ ಮಾತೆತ್ತಬಾರದೆಂಬ ಕಟ್ಟಳೆಯೂ ಇದೆ. ಮನೆಯೊಳಗಿನ ದೌರ್ಜನ್ಯಕ್ಕೆ ಗುರಿಯಾದ ಸ್ತ್ರೀಯರಿಗೂ ಮಕ್ಕಳಿಗೂ ಇದರಿಂದ ಅನ್ಯಾಯವಾಗಿದೆಯೆಂಬ ಟೀಕೆಯು ಕೇಳಿಬಂದಿರುವುದು. ಒಂದೇ ಸಂಸ್ಕಾರವು ಒಂದು ಕಡೆ ಲೋಕಕ್ಕೆ ಬೆಳಕಾಗಿಯೂ ಇನ್ನೊಂದು ಕಡೆ ದುರ್ಬಲರಿಗೆ ಭಾರವಾಗಿಯೂ ಪರಿಣಮಿಸಬಲ್ಲದೆಂಬುದಕ್ಕೆ ಇದು ಸಾಕ್ಷಿ.

ನಾಲ್ಕನೆಯದು ಒಂದು ರಾಷ್ಟ್ರದ ನಿದರ್ಶನ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಆಡಳಿತವು 1994ರಲ್ಲಿ ಕೊನೆಗೊಂಡಿತು. 1995ರ ಶಾಸನದಂತೆ ರಚಿತವಾದ ಸತ್ಯ ಮತ್ತು ಸಾಮರಸ್ಯ ಆಯೋಗಕ್ಕೆ ಆರ್ಚ್‌ಬಿಷಪ್ ಡೆಸ್ಮಂಡ್ ಟೂಟೂ ಅಧ್ಯಕ್ಷರಾದರು. ಒಬ್ಬನ ಮನುಷ್ಯತ್ವವು ಇತರರ ಮನುಷ್ಯತ್ವದೊಡನೆ ಹೆಣೆದುಕೊಂಡಿದೆಯೆಂಬ ಆಫ್ರಿಕದ ಉಬುಂಟು ಎಂಬ ಭಾವನೆಯನ್ನು ಅವರು ಈ ಕಾರ್ಯಕ್ಕೆ ತಳಹದಿಯಾಗಿ ಹಿಡಿದರು. ರಾಜಕೀಯ ಕಾರಣದಿಂದ ಅಪರಾಧವೆಸಗಿದವನು ನಡೆದುದನ್ನೆಲ್ಲ ಬಹಿರಂಗವಾಗಿ ಹೇಳಿದರೆ ಅವನಿಗೆ ಶಿಕ್ಷೆಯಿಂದ ಬಿಡುಗಡೆಯಿತ್ತು. ಏಳು ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು; ಬಿಡುಗಡೆ ದೊರೆತದ್ದು ಅವರಲ್ಲಿ ಕೆಲವರಿಗೆ ಮಾತ್ರ. ಆದರೆ 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಮಡಿದ ಸ್ಟೀವ್ ಬಿಕೊ ಎಂಬ ಹೋರಾಟಗಾರನ ಮನೆಯವರೇ ಮೊದಲಾದ ಕೆಲವರು ಈ ಶಾಸನವನ್ನು ವಿರೋಧಿಸಿ ನ್ಯಾಯಾಲಯಕ್ಕೆ ಹೋದರು. ತಮಗೆ ಸಲ್ಲಬೇಕಾದ ನ್ಯಾಯದ ಹಕ್ಕನ್ನು ರಾಜ್ಯವು ಕಸಿಯಬಾರದೆಂಬುದು ಅವರ ವಾದ. 1996ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು ಶಾಸನವನ್ನೇ ಎತ್ತಿಹಿಡಿಯಿತು. ನೊಂದವರಿಗೆ ಪರಿಹಾರವು 2003ರ ತನಕ ತಡವಾಯಿತು. ಸತ್ಯವನ್ನು ನುಡಿಸುವುದು ದೊಡ್ಡ ಕಾರ್ಯವೇ ಸರಿ; ಆದರೆ ನೊಂದವನ ಪರವಾಗಿ ಇನ್ನೊಬ್ಬನು ಕ್ಷಮಿಸಬಹುದೆ ಎಂಬ ಪ್ರಶ್ನೆಯು ಅಲ್ಲಿ ಇಂದಿಗೂ ಉಳಿದಿದೆ.

ಮನಶ್ಶಾಸ್ತ್ರಜ್ಞರು ಈಗ ಕ್ಷಮೆಯಲ್ಲಿ ಎರಡು ಬಗೆಗಳನ್ನು ಗುರುತಿಸುವರು. ಪ್ರತೀಕಾರ ಮಾಡುವುದಿಲ್ಲವೆಂಬ ನಿರ್ಧಾರ ಒಂದು. ಮನಸ್ಸಿನೊಳಗಿನ ಕಹಿ ಕರಗುವುದು ಇನ್ನೊಂದು. ಬಂಧುತ್ವವೂ ಸಮೂಹವೂ ಮುಖ್ಯವಾಗಿರುವ ಸಮಾಜಗಳಲ್ಲಿ ಜನರು ಸಂಬಂಧವನ್ನು ಉಳಿಸಿಕೊಳ್ಳುವುದಕ್ಕಾಗಿ ಮೊದಲನೆಯದನ್ನು ಬೇಗನೆ ಮಾಡುವರೆಂದೂ, ವ್ಯಕ್ತಿಯೇ ಮುಖ್ಯವಾಗಿರುವ ಸಮಾಜಗಳಲ್ಲಿ ತಮ್ಮ ಮನಶ್ಶಾಂತಿಗಾಗಿ ಎರಡನೆಯದನ್ನು ಅರಸುವರೆಂದೂ ಅವರ ಅಭಿಪ್ರಾಯ. ಬನ್ನಿ ಕೊಟ್ಟ ತಮ್ಮನು ಮೊದಲನೆಯ ಬಗೆಯವನು. ಮನೆತನ ಒಡೆಯಬಾರದೆಂದು ಅವನು ನಿರ್ಧರಿಸಿದ್ದಾನೆ. ಹೊಲದ ಬದುವಿನ ಮೇಲೆ ನಡೆಯುವಾಗಲೆಲ್ಲ ಅವನ ಎದೆ ಕುದಿಯುತ್ತಲೇ ಇದೆ.

ಶರಣರು ತೋರಿದ ದಾರಿ

ಶರಣರ ಮಾರ್ಗವು ಈ ಎರಡು ಬಗೆಗಳನ್ನು ಬೇರ್ಪಡಿಸಿ ಬಿಡಲು ಒಪ್ಪದು. ಒಳಗೊಂದು ಹೊರಗೊಂದು ಆಗಿರುವುದು ಅವರಿಗೆ ಸಲ್ಲದ ನಡತೆ. ಮುನಿಸನ್ನು ಬಿಡುವುದನ್ನು ಅವರು ಕಳವು ಕೊಲೆ ಹುಸಿಗಳನ್ನು ಬಿಡುವುದರ ಜೊತೆಗೇ ಎಣಿಸಿರುವರು. ಕೋಪವೆಂಬ ಬೆಂಕಿಯು ಹೊತ್ತಿದ ಮನೆಯನ್ನು ಮೊದಲು ಸುಡುವುದೇ ಹೊರತು ನೆರೆಮನೆಯನ್ನಲ್ಲವೆಂದು ಬಸವಣ್ಣನವರು ಎಚ್ಚರಿಸಿರುವರು. ಅವರ ಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಅವರಿಗಾಗಿ ಯಾರೂ ಗೋಳಿಡಬೇಡಿರೆಂದು ಹೇಳಿ, ಅಲ್ಲಿ ಉಣ್ಣುವವನೂ ಇಲ್ಲಿ ಉಣ್ಣುವವನೂ ಒಬ್ಬನೇ ಸಂಗಮನಾಥನೆಂದು ಭಾವಿಸಿದ ಸಂಗತಿಯು ಭಕ್ತರೆಲ್ಲರಿಗೂ ತಿಳಿದಿರುವುದೇ ಆಗಿದೆ. ತನಗೆ ಆದ ನಷ್ಟವನ್ನು ಮನ್ನಿಸುವ ದೊಡ್ಡತನಕ್ಕೆ ಇದು ನಿದರ್ಶನ. ಬಸವಣ್ಣನವರು ಆಗ ಬಿಜ್ಜಳನ ಭಂಡಾರಿಗಳು. ಕಳ್ಳರನ್ನು ಹಿಡಿಸಿ ದಂಡಿಸುವ ಅಧಿಕಾರ ಅವರ ಕೈಯಲ್ಲಿತ್ತು. ಶಕ್ತರಾಗಿದ್ದೂ ಬಿಟ್ಟುಕೊಟ್ಟುದರಿಂದ ಅದು ಧಾತ್ವರ್ಥಕ್ಕೆ ಸರಿಯಾದ ಕ್ಷಮೆಯಾಯಿತು.

ಆದರೆ ತಪ್ಪು ಬಸವಣ್ಣನವರಿಂದಲೇ ಆದಾಗ ಅವರು ಹೇಗೆ ನಡೆದುಕೊಂಡರು? ಗೃಹಸ್ಥರು ಹೆಚ್ಚಾಗಿ ಮನನ ಮಾಡಬೇಕಾದ ಪ್ರಸಂಗವಿದು. ಬಸವಪುರಾಣದ ಪರಂಪರೆಯಲ್ಲಿ ಬರುವ ಕಿನ್ನರಿ ಬೊಮ್ಮಯ್ಯನವರ ಉಳ್ಳಿಯ ಕಥೆಯೇ ಅದು. ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದನು. ಅದಕ್ಕೆ ಮೊದಲೇ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣವನ್ನು ಬರೆದಿದ್ದನು. ಕಥೆಯ ವಿವರಗಳನ್ನು ಹೇಳುವವರು ಹಲವು ರೀತಿಯಾಗಿ ಹೇಳಿದರೂ ಅದರ ತಿರುಳು ಒಂದೇ ಆಗಿದೆ.

ಕಿನ್ನರಿ ಬೊಮ್ಮಯ್ಯನವರು ಕಿನ್ನರಿಯನ್ನು ನುಡಿಸಿ ಶಿವನನ್ನು ಸೇವಿಸುತ್ತಿದ್ದ ಶರಣರು. ಒಮ್ಮೆ ಅವರು ಉಳ್ಳಿಯನ್ನು ಹೆಚ್ಚುತ್ತಿರುವಾಗ ಬಸವಣ್ಣನವರು ಅದರ ವಾಸನೆಗೆ ಅಸಹ್ಯಪಟ್ಟರು. ಉಳ್ಳಿಯನ್ನು ಹೀಗಳೆದುದು ತಮ್ಮ ಶಿವಾರ್ಪಿತವನ್ನೇ ಹೀಗಳೆದಂತೆ ಆಯಿತೆಂದು ಬೊಮ್ಮಯ್ಯನವರು ನೊಂದು ಅಲ್ಲಿಂದ ಹೊರಟುಹೋದರು. ಒಬ್ಬನು ಉಣ್ಣುವ ಪದಾರ್ಥವನ್ನು ಕಂಡು ಮೂಗು ಮುಚ್ಚುವುದು ಚಿಕ್ಕ ತಪ್ಪೆಂದು ತೋರಬಹುದು. ಆದರೆ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವ ಲೋಕದಲ್ಲಿ ಉಣ್ಣುವ ಅನ್ನವನ್ನು ಹಳಿಯುವುದೆಂದರೆ ಉಣ್ಣುವವನನ್ನೇ ಹಳಿದಂತಾಗುವುದು. ಇದನ್ನು ಬಸವಣ್ಣನವರು ಕೂಡಲೇ ಅರಿತರು. ಅವರು ತಮ್ಮ ಪದವಿಯನ್ನು ನೆನೆಯಲಿಲ್ಲ. ದೂತನನ್ನು ಕಳುಹಿಸಿ ಸುಮ್ಮನಾಗಲಿಲ್ಲ. ಮಾತಿನ ಅರ್ಥ ಹಾಗಿರಲಿಲ್ಲವೆಂದು ಸಮಜಾಯಿಷಿ ಹೇಳಲಿಲ್ಲ. ಯಾವ ಉಳ್ಳಿಯನ್ನು ಹೀಗಳೆದಿದ್ದರೋ ಅದೇ ಉಳ್ಳಿಗೆ ಉತ್ಸವ ಮಾಡಿಸಿ, ಮೆರವಣಿಗೆಯಲ್ಲಿ ಅದನ್ನು ಹೊರಿಸಿಕೊಂಡು ಬೊಮ್ಮಯ್ಯನವರಿದ್ದಲ್ಲಿಗೆ ಹೋಗಿ, ಕ್ಷಮೆ ಬೇಡಿ ಅವರನ್ನು ಕರೆತಂದರು.

ಈ ಕಥೆಯಲ್ಲಿ ನಾಲ್ಕು ವಿಷಯಗಳನ್ನು ಗಮನಿಸತಕ್ಕದ್ದು. ಒಂದು, ತಪ್ಪನ್ನು ಹೆಸರಿಟ್ಟು ಒಪ್ಪಿಕೊಂಡುದು. ಉಳ್ಳಿಯ ತಪ್ಪಿಗೆ ಉಳ್ಳಿಯೇ ಪ್ರಾಯಶ್ಚಿತ್ತವಾಯಿತು. ಎರಡು, ಎಷ್ಟು ಜನರ ಎದುರಿಗೆ ಅವಮಾನವಾಗಿತ್ತೋ ಅದಕ್ಕಿಂತ ಹೆಚ್ಚು ಜನರ ಎದುರಿಗೆ ಮನ್ನಣೆ ದೊರೆತುದು. ಮೂರು, ಬೊಮ್ಮಯ್ಯನವರ ಮುನಿಸನ್ನು ಯಾರೂ ದೋಷವೆಂದು ಎಣಿಸದೆ ಇದ್ದುದು. ಇಷ್ಟಕ್ಕೇ ಸಿಟ್ಟಾಗಬೇಕೆ ಎಂದು ಅವರಿಗೆ ಬುದ್ಧಿ ಹೇಳಲು ಯಾರೂ ಹೋಗಲಿಲ್ಲ. ನಾಲ್ಕು, ಮೊದಲ ಹೆಜ್ಜೆಯನ್ನು ಹಿರಿಯ ಪದವಿಯಲ್ಲಿದ್ದವರೇ ಇಟ್ಟುದು. ಲೋಕರೂಢಿಯಲ್ಲಿ ಕಿರಿಯನು ಹಿರಿಯನ ಬಾಗಿಲಿಗೆ ಹೋಗುವನು. ಕಲ್ಯಾಣದಲ್ಲಿ ಮಂತ್ರಿಯೇ ಕಿನ್ನರಿ ನುಡಿಸುವವರ ಬಳಿಗೆ ಹೋದನು. ಸಂಸ್ಕೃತಿಯು ಹಾಕಿಕೊಟ್ಟ ಪಾತ್ರೆಯನ್ನು ಶರಣರು ಒಡೆಯಲಿಲ್ಲ. ಮೆರವಣಿಗೆ, ಉತ್ಸವ, ನಮಸ್ಕಾರಗಳನ್ನೇ ಬಳಸಿದರು. ಆದರೆ ಯಾರು ಯಾರಿಗೆ ಬಾಗಬೇಕೆಂಬ ಕ್ರಮವನ್ನು ತಿರುಗಿಸಿ ಇಟ್ಟರು.

ಶೂನ್ಯಸಂಪಾದನೆಯಲ್ಲಿ ಬರುವ ಸೊನ್ನಲಿಗೆಯ ಪ್ರಸಂಗವನ್ನೂ ಇದರೊಡನೆ ಸ್ಮರಿಸಬಹುದು. ಕೆರೆ ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮೇಶ್ವರರನ್ನು ಅಲ್ಲಮಪ್ರಭುದೇವರು ಒಡ್ಡನೆಂದು ಕರೆದಾಗ, ಕೆಲಸಗಾರರು ಕೆರಳಿ ಪ್ರಭುದೇವರ ಮೇಲೆ ಕಲ್ಲು ತೂರಿದರು, ಸಿದ್ಧರಾಮೇಶ್ವರರೂ ಕೋಪಗೊಂಡರು. ಪ್ರಭುದೇವರು ಕಲ್ಲೆಸೆದವರನ್ನು ಶಪಿಸಲಿಲ್ಲ, ಅಂಜಿ ಹಿಂದೆಗೆಯಲೂ ಇಲ್ಲ. ಸಂವಾದವನ್ನು ಬೆಳೆಸಿ ಸಿದ್ಧರಾಮೇಶ್ವರರಲ್ಲಿ ಅರಿವನ್ನು ಮೂಡಿಸಿ, ಅವರನ್ನು ಕಲ್ಯಾಣಕ್ಕೆ ಕರೆದುಕೊಂಡು ಹೋದರು. ಕಲ್ಲಿನಿಂದ ಆರಂಭವಾದುದು ಗುರುಭಾವದಲ್ಲಿ ಕೊನೆಗೊಂಡಿತು. ಮಾತು ನಿಲ್ಲದೆ ಇರುವಲ್ಲಿ ಕ್ಷಮೆಗೆ ಅವಕಾಶವುಂಟು. ಮನೆಗಳಲ್ಲಿ ಮುನಿಸು ಗಟ್ಟಿಯಾಗುವುದು ಮಾತು ನಿಂತ ದಿನದಿಂದಲೇ ಅಲ್ಲವೆ?

ಕಲ್ಯಾಣದ ಕಥೆಯೆಲ್ಲವೂ ಕ್ಷಮೆಯ ಕಥೆಯೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಹರಳಯ್ಯ ಮಧುವಯ್ಯನವರಿಗೆ ಬಿಜ್ಜಳನು ವಿಧಿಸಿದ ಕ್ರೂರ ಶಿಕ್ಷೆ, ಅನಂತರ ನಡೆದ ಅರಸನ ಕೊಲೆ, ಶರಣರು ಚದುರಿಹೋದುದು ಇವನ್ನು ಪುರಾಣಗಳೇ ಹೇಳುತ್ತವೆ. ವಿವರಗಳಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳಿದ್ದರೂ ಆ ಕಾಲದ ನೋವು ಸುಳ್ಳಲ್ಲ. ಅಧಿಕಾರದಲ್ಲಿದ್ದವನು ತನ್ನ ಅನ್ಯಾಯಕ್ಕೆ ಪಶ್ಚಾತ್ತಾಪಪಡದೆ ಹೋದಾಗ ಸಮಾಜಕ್ಕೆ ಏನು ಗತಿಯಾಗುವುದೆಂಬುದಕ್ಕೂ, ಪ್ರತೀಕಾರವು ಏನನ್ನೂ ಕಟ್ಟಿಕೊಡಲಿಲ್ಲವೆಂಬುದಕ್ಕೂ ಅದು ಏಕಕಾಲಕ್ಕೆ ಸಾಕ್ಷಿಯಾಗಿದೆ. ಮಂತ್ರಿಯು ಉಳ್ಳಿಯನ್ನು ಹೊರಿಸಿಕೊಂಡು ಹೋದ ಊರು ಬೆಳೆಯಿತು; ಅರಸನು ಬಾಗಲಾರದ ಊರು ಒಡೆಯಿತು.

ಭೃತ್ಯಾಚಾರ ಮತ್ತು ಗಣಾಚಾರ

ಹಾಗಾದರೆ ಎಲ್ಲಿ ಬಾಗಬೇಕು, ಎಲ್ಲಿ ನಿಲ್ಲಬೇಕು? ಇದಕ್ಕೆ ಪಂಚಾಚಾರಗಳಲ್ಲಿಯೇ ಉತ್ತರವಿದೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂಬ ಐದರಲ್ಲಿ ಕೊನೆಯ ಎರಡನ್ನು ಜೊತೆಯಾಗಿ ಇಟ್ಟು ನೋಡತಕ್ಕದ್ದು. ಭೃತ್ಯಾಚಾರವೆಂದರೆ ಶಿವಭಕ್ತರೆಲ್ಲರಿಗಿಂತಲೂ ತಾನು ಕಿರಿಯನೆಂದು ತಿಳಿದು ವಿನಯದಿಂದ ನಡೆಯುವುದು. ಗಣಾಚಾರವೆಂದರೆ ಶಿವನಿಂದೆಯನ್ನೂ ಶಿವಶರಣರಿಗಾಗುವ ಅನ್ಯಾಯವನ್ನೂ ಸಹಿಸದಿರುವುದು. ಒಂದು ಬಾಗುವುದನ್ನು ಕಲಿಸುವುದು, ಇನ್ನೊಂದು ನಿಲ್ಲುವುದನ್ನು ಕಲಿಸುವುದು. ಇವೆರಡೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಿದರೂ ಕ್ಷಮೆಯ ವಿಷಯದಲ್ಲಿ ಇವು ಒಂದಕ್ಕೊಂದು ಪೂರಕವಾಗಿವೆ.

ತಪ್ಪು ತನ್ನದಾದಾಗ ಭಕ್ತನು ಭೃತ್ಯಾಚಾರವನ್ನು ಹಿಡಿಯಬೇಕು. ವಯಸ್ಸು, ಹಣ, ಪದವಿಗಳನ್ನು ಲೆಕ್ಕಿಸದೆ ತಾನೇ ಮೊದಲು ಹೋಗಬೇಕು. ತನಗೆ ತಪ್ಪಾದಾಗ ಶಕ್ತಿಗನುಸಾರವಾಗಿ ಸೈರಣೆಯನ್ನು ಅಭ್ಯಾಸ ಮಾಡಬೇಕು. ದುರ್ಬಲನಾದ ಮೂರನೆಯವನಿಗೆ ಅನ್ಯಾಯವಾದಾಗ ಮಾತ್ರ, ಕ್ಷಮಿಸಿಬಿಡು ಎಂದು ಅವನಿಗೆ ಉಪದೇಶ ಮಾಡುವುದು ಧರ್ಮವಲ್ಲ. ಅಲ್ಲಿ ಅನ್ಯಾಯವನ್ನು ನಿಲ್ಲಿಸುವುದೇ ಗಣಾಚಾರ. ಇನ್ನೊಬ್ಬರ ಗಾಯವನ್ನು ತಾನು ಕ್ಷಮಿಸುವ ಅಧಿಕಾರ ಯಾರಿಗೂ ಇಲ್ಲ.

ರೂಢಿಯಲ್ಲಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ತಲೆಕೆಳಗಾಗಿದೆ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಸೊಸೆಗೆ ಸೈರಣೆಯನ್ನು ಬೋಧಿಸುವರು. ಕೈಯೆತ್ತಿದ ಮಗನಿಗೆ ಏನನ್ನೂ ಹೇಳರು. ಏಟು ತಿಂದವಳು ಹೊಟ್ಟೆಗೆ ಹಾಕಿಕೊಳ್ಳಬೇಕು, ಏಟು ಕೊಟ್ಟವನು ಊಟಕ್ಕೆ ಕುಳಿತುಕೊಳ್ಳಬೇಕು! ತಂಗಿಗೆ ಉಡಿ ತುಂಬಿ, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವರು. ಆಕೆ ಮನಸ್ಸಿನಲ್ಲಿ ನೊಂದರೆ, ತವರಿನ ಮೇಲೆ ಪ್ರೀತಿಯಿಲ್ಲದವಳೆನ್ನುವರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕುಂಟೆಂದು 2005ರ ತಿದ್ದುಪಡಿಯು ವಿಧಿಸಿದೆ. ಮನೆಯೊಳಗಿನ ಹಿಂಸೆಯಿಂದ ಸ್ತ್ರೀಯರನ್ನು ರಕ್ಷಿಸುವ ಕಾಯಿದೆಯೂ ಅದೇ ವರ್ಷ ಆಗಿದೆ. ನೊಂದ ಹೆಣ್ಣುಮಗಳು ಆ ಕಾಯಿದೆಯ ಆಶ್ರಯವನ್ನು ಪಡೆದರೆ ಆಕೆಗೆ ಕ್ಷಮಾಗುಣವಿಲ್ಲವೆಂದು ಹೇಳಲಾಗದು. ಕ್ಷಮೆ ಬೇರೆ, ರಕ್ಷಣೆ ಬೇರೆ. ಕ್ಷಮಿಸಿದವಳು ಮತ್ತೆ ಅದೇ ಏಟಿಗೆ ಬೆನ್ನೊಡ್ಡಬೇಕೆಂದು ಯಾವ ಶರಣರೂ ಹೇಳಿಲ್ಲ. ಶಕ್ತರಾದವರು ತಾವು ಮಾಡಬೇಕಾದ ಪ್ರಾಯಶ್ಚಿತ್ತದ ಭಾರವನ್ನು ಅಶಕ್ತರ ತಲೆಯ ಮೇಲೆ ಕ್ಷಮೆಯೆಂಬ ಹೆಸರಿನಿಂದ ಹೊರಿಸುವುದು ಭಕ್ತಿಯ ಮನೆಗೆ ಒಪ್ಪದ ಮಾತು.

ಗೃಹಸ್ಥರ ಅನುಷ್ಠಾನಕ್ಕೆ

ಇಷ್ಟರಿಂದ ಗೃಹಸ್ಥರು ನಿತ್ಯಜೀವನಕ್ಕೆ ತೆಗೆದುಕೊಳ್ಳಬಹುದಾದುದು ಯಾವುದು? ಮೊದಲನೆಯದಾಗಿ, ಕ್ಷಮೆ ಕೇಳುವಾಗ ತಪ್ಪಿಗೆ ಹೆಸರಿಡಬೇಕು. ಏನಾದರೂ ತಪ್ಪಾಗಿದ್ದರೆ ಎಂದು ಆರಂಭಿಸುವ ಮಾತಿನಲ್ಲಿ ತಪ್ಪನ್ನು ಒಪ್ಪಿಕೊಂಡಂತಾಗುವುದಿಲ್ಲ. ಎರಡನೆಯದಾಗಿ, ಕೈಯಲ್ಲಿರುವ ಅನ್ಯರ ವಸ್ತುವನ್ನು ಮೊದಲು ಹಿಂದಿರುಗಿಸಬೇಕು. ಕಾಯಕದಿಂದ ಬಾರದ ಹೆಚ್ಚಿನ ಅಕ್ಕಿಯನ್ನು ಮಾರಯ್ಯನವರು ಮನೆಗೆ ತಂದಾಗ, ಆಯ್ದಕ್ಕಿ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಹೇಳಿದರು. ಪತಿಯ ತಪ್ಪನ್ನು ಅವರು ಹೊಟ್ಟೆಗೆ ಹಾಕಿಕೊಳ್ಳಲಿಲ್ಲ, ತಿದ್ದಿದರು. ಪ್ರೀತಿಯುಳ್ಳವರು ಮಾಡಬೇಕಾದುದು ಅದನ್ನೇ. ಮೂರನೆಯದಾಗಿ, ನೊಂದವರಿಗೆ ಕಾಲಾವಕಾಶವನ್ನು ಕೊಡಬೇಕು. ಹಬ್ಬದ ದಿನ ಎಲ್ಲರೆದುರಿಗೆ ಅವರ ಕೈ ಹಿಡಿದೆಳೆದು ನಗಿಸುವುದರಿಂದ ಒಳಗಿನ ಹುಣ್ಣು ಮಾಯದು. ನ್ಯಾಯ ಹೇಳಲು ಕುಳಿತ ಹಿರಿಯರು, ಆದದ್ದಾಯಿತು ಬಿಡಿ ಎನ್ನುವ ಮೊದಲು, ಆದದ್ದೇನೆಂಬುದನ್ನು ನೊಂದವರ ಬಾಯಿಂದಲೇ ಕೇಳಬೇಕು.

ಬನ್ನಿ ಕೊಡುವ ಸಂಪ್ರದಾಯವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಅದು ಬಹಳ ಒಳ್ಳೆಯ ಪಾತ್ರೆ. ಅದರೊಳಗೆ ನೀರು ತುಂಬುವುದು ಗೃಹಸ್ಥರ ಕೆಲಸ. ಆ ಅಣ್ಣನು ಒಂದು ವರ್ಷ ವಿಜಯದಶಮಿಯ ಮುಂಚಿನ ದಿನ ಹೊಲಕ್ಕೆ ಹೋಗಿ, ಊರಿನ ಇಬ್ಬರು ಹಿರಿಯರನ್ನು ಕರೆದು, ಅವರೆದುರಿಗೆ ಬದುವಿನ ಕಲ್ಲನ್ನು ಕಿತ್ತು ಮೊದಲಿದ್ದಲ್ಲಿ ನೆಡಲಿ. ಮಾರನೆಯ ಸಂಜೆ, ತಮ್ಮನು ಬರುವನೆಂದು ಕಟ್ಟೆಯ ಮೇಲೆ ಕಾದು ಕೂಡದೆ, ತಾನೇ ಬನ್ನಿ ತೆಗೆದುಕೊಂಡು ತಮ್ಮನ ಹೊಸ್ತಿಲಿಗೆ ಹೋಗಲಿ. ಹಿರಿಯನು ಕಿರಿಯನ ಮನೆಗೆ ಹೋಗುವುದು ರೂಢಿಯಲ್ಲವೆಂದು ಯಾರಾದರೂ ಅಂದರೆ, ಕಲ್ಯಾಣದಲ್ಲಿ ಬಸವಣ್ಣನವರು ಉಳ್ಳಿಯನ್ನು ಹೊರಿಸಿಕೊಂಡು ಹೋದ ದಾರಿ ಇದೇ ಎಂದು ಉತ್ತರ ಕೊಡಲಿ. ಆಗ ತಮ್ಮನು ಎರಗಿದರೂ ಎರಗದಿದ್ದರೂ, ಅಂದಿನ ಎಲೆ ನಿಜವಾಗಿಯೂ ಬಂಗಾರವಾಗುವುದು.

ಮನನಕ್ಕೆ

1. ಕ್ಷಮಿಸು, ಮನ್ನಿಸು, ಹೊಟ್ಟೆಗೆ ಹಾಕಿಕೊಳ್ಳು ಎಂಬ ಮೂರು ಮಾತುಗಳಲ್ಲಿ ಮನೆಯಲ್ಲಿ ಹೆಚ್ಚಾಗಿ ಕೇಳಿಬರುವುದು ಯಾವುದು? ಅದನ್ನು ಯಾರು ಯಾರಿಗೆ ಹೇಳುವರು?

2. ಉಳ್ಳಿಯ ಪ್ರಸಂಗದಲ್ಲಿ ಬೊಮ್ಮಯ್ಯನವರ ಮುನಿಸು ಯೋಗ್ಯವಾದುದೆ? ಅವರು ಸುಮ್ಮನೆ ಸಹಿಸಿಕೊಂಡಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು?

3. ಭೃತ್ಯಾಚಾರಕ್ಕೂ ಗಣಾಚಾರಕ್ಕೂ ಒಂದೊಂದು ನಿದರ್ಶನವನ್ನು ಸ್ವಂತ ಸಂಸಾರದಿಂದ ಆರಿಸಿಕೊಂಡು ವಿಚಾರಿಸುವುದು.

4. ಸರಿಸಿದಲ್ಲಿಯೇ ಉಳಿದ ಬದುವಿನ ಕಲ್ಲು ತನ್ನ ಬಾಳಿನಲ್ಲಿ ಯಾವುದೆಂದು ಪ್ರತಿಯೊಬ್ಬರೂ ಲಿಂಗಪೂಜೆಯ ಬಳಿಕ ಏಕಾಂತದಲ್ಲಿ ನೆನೆಯುವುದು.